ಉಜ್ಜಿಸುವ ಮೊದಲು ಬೆಲೆ ಕಟ್ಟಿಸಿ

ನೀವು ಕೇಳಿದ್ದು ನಾಲ್ಕು ಪ್ರಶ್ನೆ. ಒಂದು ಮಿತಿಗಿಂತ ಹೆಚ್ಚು ಬೆಲೆಯ ವಸ್ತುಗಳನ್ನು ಬಿಡಿಬಿಡಿಯಾಗಿ ಹೆಸರಿಸಿ, ಪುರಾವೆ ಕೊಡಿ ಎಂದು ಮನೆ ವಿಮೆಯ ಅರ್ಜಿಯಲ್ಲಿದೆ. ಮಾವನವರು ಕೊಟ್ಟ ಹಳೆಯ ಒಮೆಗಾ ವಾಚಿಗೆ ಯಾರಿಂದ ಬೆಲೆ ಕಟ್ಟಿಸಬೇಕು, ಖರ್ಚೆಷ್ಟು, ಮನೆಯಲ್ಲೇ ತೆಗೆದ ಫೋಟೋ ಸಾಲದೇ, ಹೋಗುವ ಮುಂಚೆ ಪಾಲಿಶ್ ಮಾಡಿಸಿ ಹೊಸದರಂತೆ ಮಾಡಿಸಲೇ? ಮೊದಲ ಮೂರಕ್ಕೆ ಉತ್ತರ ಚಿಕ್ಕದು. ನಾಲ್ಕನೆಯದನ್ನು ಓದಿ, ಕೈಯಲ್ಲಿದ್ದ ಲೋಟವನ್ನು ಕೆಳಗಿಟ್ಟೆ.

ನಿಮ್ಮ ವಾಚನ್ನು ಕೊಳ್ಳುವ ಆಸೆಯಿಲ್ಲದವರ ಹತ್ತಿರ ಹೋಗಿ. 'ಇದರ ಬೆಲೆ ಇಷ್ಟು, ಬೇಕಾದರೆ ನಾನೇ ತೆಗೆದುಕೊಳ್ಳುತ್ತೇನೆ' ಎನ್ನುವವರು ಹೇಳುವುದು ಬೆಲೆಯಲ್ಲ, ಚೌಕಾಶಿಯ ಮೊದಲ ಮಾತು. ಖರ್ಚಿನ ವಿಷಯ: ವಾಚಿಗೆ ಇಷ್ಟು ಅಥವಾ ಗಂಟೆಗೆ ಇಷ್ಟು ಎಂದು ಮೊದಲೇ ಹೇಳುವವರು ಸರಿ. ಬೆಲೆಯ ಶೇಕಡಾ ಲೆಕ್ಕದಲ್ಲಿ ಕೇಳಿದರೆ ಎದ್ದು ಬನ್ನಿ. ಅಂಕಿ ಏರಿದಷ್ಟೂ ಅವರ ಜೇಬು ತುಂಬುತ್ತದೆ. ನಿಮ್ಮ ಫೋಟೋ ಒಂದೇ ಸಾಲದು, ಆದರೂ ಇವತ್ತೇ ತೆಗೆದಿಡಿ. ಬೆಲೆ ಕಟ್ಟುವವರು ವಾಚಿನ ಹಿಂಬದಿಯ ಮುಚ್ಚಳವನ್ನು ತೆರೆದರೆ ಗಾಬರಿಯಾಗಬೇಡಿ. ಹಳೆಯ ಒಮೆಗಾಗಳಲ್ಲಿ ಕ್ರಮಸಂಖ್ಯೆ ಇರುವುದು ಒಳಗಿನ ಯಂತ್ರದ ಮೇಲೆ, ಮಾದರಿಯ ಸಂಖ್ಯೆ ಇರುವುದು ಮುಚ್ಚಳದ ಒಳಮೈಯಲ್ಲಿ. ತೆರೆಯದೆ ಬರೆದುಕೊಟ್ಟ ಬೆಲೆಯ ಪತ್ರವನ್ನು ನಾನಾದರೆ ನಂಬುವುದಿಲ್ಲ.

ಇನ್ನೊಂದು ಮಾತು. ಪತ್ರದಲ್ಲಿ 'ವಿಮೆಯ ಉದ್ದೇಶಕ್ಕೆ' ಎಂದು ಸ್ಪಷ್ಟವಾಗಿ ಬರೆಸಿಕೊಳ್ಳಿ. ವಿಮೆಯ ಬೆಲೆ ಎಂದರೆ, ವಾಚು ಕಳೆದುಹೋದರೆ ಅಂಥದ್ದೇ ಇನ್ನೊಂದನ್ನು ಅಂಗಡಿಯಿಂದ ಕೊಳ್ಳಲು ತಗಲುವ ಹಣ. ನೀವು ನಾಳೆ ಮಾರಲು ಹೋದರೆ ಸಿಗುವುದು ಅದಕ್ಕಿಂತ ಬಹಳ ಕಡಿಮೆ. ಈ ವ್ಯತ್ಯಾಸ ತಿಳಿಯದ ಕಾಲದಲ್ಲಿ ನಾನು ಹೆಮ್ಮೆಯಿಂದ ಊರಿಗೆ ಫೋನ್ ಮಾಡಿ ಅಪ್ಪ ನನಗೆ ಕೊಟ್ಟ ವಾಚಿನ ಪತ್ರದಲ್ಲಿದ್ದ ಅಂಕಿಯನ್ನು ಅಣ್ಣನಿಗೆ ಹೇಳಿಬಿಟ್ಟೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, 'ಅಪ್ಪ ನಿನಗೆ ಕೊಟ್ಟದ್ದು ಅಷ್ಟು ದೊಡ್ಡದೇ' ಎಂದ. ಮುಂದಿನದನ್ನು ನಿಮಗೆ ವಿವರಿಸಬೇಕಾಗಿಲ್ಲ, ನಮ್ಮ ಮನೆಗಳು ನಿಮಗೂ ಗೊತ್ತು. ಅಂಕಿ ಪತ್ರದಲ್ಲೇ ಇರಲಿ.

ಹಾಗೆಂದು ಕಂತು ಉಳಿಸಲು ಬೆಲೆಯನ್ನು ಇಳಿಸಿ ಬರೆಯಲೂ ಹೋಗಬೇಡಿ. ಅರ್ಧ ಬೆಲೆಗೆ ವಿಮೆ ಮಾಡಿಸಿದರೆ ಪರಿಹಾರವನ್ನೂ ಅದೇ ಪ್ರಮಾಣದಲ್ಲಿ ಕತ್ತರಿಸುವ ಷರತ್ತು ಅನೇಕ ಪಾಲಿಸಿಗಳಲ್ಲಿರುತ್ತದೆ. ಮನೆಯ ಹೊರಗೆ, ಬೇರೆ ದೇಶದಲ್ಲಿ ಎಷ್ಟು ದಿನ ರಕ್ಷಣೆ ಇದೆ ಎಂಬುದನ್ನೂ ಓದಿಕೊಳ್ಳಿ. ಊರಿಗೆ ಹೋಗುವಾಗ ವಾಚನ್ನು ಕಟ್ಟಿಕೊಳ್ಳದೆ ಹೋಗುವವರಲ್ಲ ನೀವು.

ಈಗ ಪಾಲಿಶ್.

ನಾನು ಈ ದೇಶಕ್ಕೆ ಬಂದಿಳಿದಾಗ ಅಪ್ಪನ ವಾಚು ಪೆಟ್ಟಿಗೆಯ ತಳದಲ್ಲಿ, ಕಾಲುಚೀಲದೊಳಗೆ ಇತ್ತು. ಕಟ್ಟಿಕೊಳ್ಳಲು ಸಂಕೋಚ. ಸುತ್ತಲಿನವರ ಕೈಯಲ್ಲಿ ಎಲ್ಲವೂ ಹೊಳೆಯುತ್ತಿದ್ದವು. ನನ್ನದರ ಕೇಸಿನ ತುಂಬ ಗೀರು, ಡಯಲ್ ಮೇಲಿನ ಚುಕ್ಕಿಗಳು ಹಳೆಯ ಪುಸ್ತಕದ ಹಾಳೆಯಂತೆ ಹಳದಿ. ಕತ್ತಲಲ್ಲಿ ಬೆಳಗುತ್ತಲೂ ಇರಲಿಲ್ಲ. ಕೆಲವು ವರ್ಷಗಳ ನಂತರ ಸ್ವಂತ ಮನೆಯಾಯಿತು, ವಿಮೆಯ ಅರ್ಜಿ ಬಂತು. ನಿಮಗೆ ಹೊಳೆದದ್ದೇ ನನಗೂ ಹೊಳೆಯಿತು: ಹೆಣ್ಣು ತೋರಿಸುವ ಮೊದಲು ಮನೆಗೆ ಸುಣ್ಣ ಬಳಿಸಿದ ಹಾಗೆ, ಮೊದಲು ಚಂದ ಮಾಡಿಸೋಣ. ರಿಪೇರಿ ಅಂಗಡಿಯವರು ಕೇಸನ್ನು ಉಜ್ಜಿ ಕನ್ನಡಿ ಮಾಡಿದರು, ಡಯಲನ್ನೂ ಮುಳ್ಳುಗಳನ್ನೂ ಹೊಸತು ಹಾಕಿದರು. ಅಷ್ಟಕ್ಕೂ ದುಡ್ಡು ಕೊಟ್ಟು, ಖುಷಿಯಿಂದ ಕಟ್ಟಿಕೊಂಡು ಬಂದೆ.

ಬೆಲೆ ಕಟ್ಟುವವರು ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದರು. ಕೇಸಿನ ಅಂಚುಗಳ ಮೇಲೆ ಬೆರಳಾಡಿಸಿದರು. ಕಾರ್ಖಾನೆಯಲ್ಲಿ ಚೂಪಾಗಿ ಕತ್ತರಿಸಿದ್ದ ಅಂಚು ಈಗ ಸವೆದ ಸೋಪಿನಂತೆ ದುಂಡಗಾಗಿತ್ತು. ಆಮೇಲೆ ಒಂದೇ ಪ್ರಶ್ನೆ: 'ಹಳೆಯ ಡಯಲ್ ಎಲ್ಲಿದೆ?'

ಅದರ ಕೆಳತುದಿಯಲ್ಲಿ 'ಸ್ವಿಸ್ ಮೇಡ್' ಎಂಬುದರ ಎರಡೂ ಪಕ್ಕ ಪುಟ್ಟ 'ಟಿ' ಅಕ್ಷರಗಳಿದ್ದವು. ಚುಕ್ಕಿಗಳು ಕತ್ತಲಲ್ಲಿ ಬೆಳಗಲೆಂದು ಟ್ರಿಟಿಯಂ ಎಂಬ ವಿಕಿರಣ ವಸ್ತು ಬಳಿದದ್ದಕ್ಕೆ ಗುರುತು ಅದು ಎಂದು ಅವರೇ ತಿಳಿಸಿದರು. ಸುಮಾರು 12 ವರ್ಷಕ್ಕೊಮ್ಮೆ ಟ್ರಿಟಿಯಂ ಅರ್ಧಕ್ಕೆ ಇಳಿಯುತ್ತದೆ, ಹಾಗಾಗಿ ಅಷ್ಟು ಹಳೆಯ ವಾಚು ಕತ್ತಲಲ್ಲಿ ಬೆಳಗದಿರುವುದೇ ಸಹಜ, ಬೆಳಗಿದರೆ ಅನುಮಾನಿಸಬೇಕು. ನಾನು ಕೊಳೆ ಎಂದುಕೊಂಡದ್ದು ಅದರ ವಯಸ್ಸಾಗಿತ್ತು. ಓಡಿಹೋಗಿ ಅಂಗಡಿಯಲ್ಲಿ ವಿಚಾರಿಸಿದೆ. ಬಿಚ್ಚಿದ ಭಾಗಗಳನ್ನು ಕೇಳದಿದ್ದರೆ ಅವರು ಇಟ್ಟುಕೊಳ್ಳುವುದಿಲ್ಲವಂತೆ. ನಾನು ಕೇಳಿರಲಿಲ್ಲ.

ಬೆಲೆ ಇಳಿಯಿತು, ನಿಜ. ಅದನ್ನು ಮರೆತಿದ್ದೇನೆ. ಮುಚ್ಚಳದ ಹೊರಮೈಯಲ್ಲಿ ಅಪ್ಪ ಸೂಜಿಯಿಂದ ತಮ್ಮ ಹೆಸರಿನ ಮೊದಲ ಅಕ್ಷರವನ್ನು ಕೆತ್ತಿಕೊಂಡಿದ್ದರು, ವಕ್ರವಾಗಿ. ಪಾಲಿಶ್‌ನಲ್ಲಿ ಅದೂ ಹೋಯಿತು. ಆ ಅಕ್ಷರದ ಒಂದು ಫೋಟೋ ಕೂಡ ನನ್ನಲ್ಲಿಲ್ಲ.

ಆದ್ದರಿಂದ ಮೆತ್ತನೆಯ ಬಟ್ಟೆಯಿಂದ ಒರೆಸಿ, ಸಾಕು. ಪಟ್ಟಿ ಹಳೆಯದಾಗಿದ್ದರೂ ಹಾಗೆಯೇ ಒಯ್ಯಿರಿ. ಡಬ್ಬಿ, ಖರೀದಿಯ ಚೀಟಿ, ಸರ್ವೀಸಿನ ರಸೀದಿ, ಏನೇ ಇದ್ದರೂ ಮಾವನವರಿಂದ ತರಿಸಿಕೊಳ್ಳಿ. ಅವರ ಬೀರುವಿನಲ್ಲಿ ಖಂಡಿತ ಇರುತ್ತದೆ. ಮುಂದೆ ಎಂದಾದರೂ ಸರ್ವೀಸ್ ಮಾಡಿಸುವಾಗ 'ಪಾಲಿಶ್ ಬೇಡ, ಬಿಚ್ಚಿದ ಭಾಗಗಳೆಲ್ಲ ವಾಪಸ್ ಬೇಕು' ಎಂದು ಬರವಣಿಗೆಯಲ್ಲಿ ಕೊಡಿ. ಮಾರುಕಟ್ಟೆ ಏರಿಳಿಯುತ್ತದೆ, ಎರಡು ಮೂರು ವರ್ಷಕ್ಕೊಮ್ಮೆ ಹೊಸ ಪತ್ರ ಮಾಡಿಸಿ.

ಯಾವ ದಿನ ಹೋಗುತ್ತೀರಿ ಎಂದು ತಿಳಿಸಿ, ನಾನೂ ಬರುತ್ತೇನೆ. ಚುಕ್ಕಿಗಳು ಹಳದಿಯಾಗಿವೆ ಎಂದು ನೀವು ಬೇಸರದಿಂದ ಬರೆದಿದ್ದೀರಿ. ನನಗೆ ಅವನ್ನು ಒಮ್ಮೆ ನೋಡಬೇಕಾಗಿದೆ.