ಬೇರೆ ದೇಶದ ಹಳ್ಳಿಯಲ್ಲಿ ಸ್ವಯಂಸೇವಕರ ದಿನ ಹೇಗಿರುತ್ತದೆ?

ಬೇರೆ ದೇಶದ ಹಳ್ಳಿಯಲ್ಲಿ ಸೇವಾಸಂಸ್ಥೆಯ ಸ್ವಯಂಸೇವಕರಾಗಿ ಇರುವವರು ಬೆಳಗಿನಿಂದ ರಾತ್ರಿವರೆಗೆ ಏನು ಮಾಡುತ್ತಾರೆ, ಹೋಗಬಹುದಾ ಅಂತ ಕೇಳಿದ್ದೀರಿ. ಕುಡಿಯುವ ನೀರಿನ ಕೆಲಸಕ್ಕೆ ಹೋಗಿ ಇದ್ದು ಬಂದವಳು ನಾನು.

ಅರ್ಧ ದಿನ ನಮ್ಮ ಹೊಟ್ಟೆಪಾಡಿಗೇ ಹೋಗುತ್ತದೆ. ನೀರು ಹೊತ್ತು ತರಬೇಕು, ಕುದಿಸಿ ಆರಿಸಬೇಕು, ಒಲೆ ಹಚ್ಚಬೇಕು, ಬಟ್ಟೆ ಒಗೆಯಬೇಕು. ಮಲೇರಿಯಾ ಇರುವ ಕಡೆ ಸೊಳ್ಳೆ ಪರದೆಯ ಅಂಚನ್ನು ದಿನಾ ಹಾಸಿಗೆ ಅಡಿಗೆ ಸಿಕ್ಕಿಸಲೇಬೇಕು, ಆ ಸೊಳ್ಳೆ ಕಚ್ಚುವುದು ಹೆಚ್ಚಾಗಿ ರಾತ್ರಿ ಹೊತ್ತಿನಲ್ಲೇ.

ಆಮೇಲೆ ಮಾತು. ಸಿಕ್ಕವರನ್ನೆಲ್ಲ ಮಾತಾಡಿಸಿಕೊಂಡೇ ಮುಂದೆ ಹೋಗಬೇಕು. ಬೆಳಿಗ್ಗೆ ಕರೆದ ಸಭೆಗೆ ಜನ ಹೊಲದ ಕೆಲಸ ಮುಗಿಸಿಯೇ ಬರುವುದು. ಬಿತ್ತನೆ ಶುರುವಾದರೆ ಬರುವುದೇ ಇಲ್ಲ. ಬರಬೇಕು ಅಂತ ಹಟ ಹಿಡಿಯಲೂ ಬಾರದು, ವರ್ಷದ ಅನ್ನ ಅಲ್ವಾ ಅದು?

ನಾನಿದ್ದ ಹಳ್ಳಿಯ ಬೋರ್‌ವೆಲ್‌ಗೆ ಹಾಕಿದ್ದ ಕೈಪಂಪು ಭಾರತದ್ದೇ: ಇಂಡಿಯಾ ಮಾರ್ಕ್ 2. 1970ರ ದಶಕದಲ್ಲಿ ಯುನಿಸೆಫ್ ನೆರವಿನಿಂದ ರೂಪುಗೊಂಡದ್ದು, ಈಗ ಎಷ್ಟೋ ದೇಶಗಳಲ್ಲಿದೆ. ಭೂಮಿಯೊಳಗೆ ಪೈಪುಗಳ ಕೆಳಗಡೆ ಇರುವ ಅದರ ಸಿಲಿಂಡರ್ ಒಳಗೆ ಬಟ್ಟಲಿನ ಆಕಾರದ ಚಿಕ್ಕ ವಾಷರ್ ಇರುತ್ತದೆ. ಅದು ಸವೆದರೆ ಎಷ್ಟು ಹೊಡೆದರೂ ನೀರು ಸರಿಯಾಗಿ ಮೇಲೆ ಬರುವುದಿಲ್ಲ. ಅಂಗೈ ಮೇಲೆ ಕೂರುವ ಆ ತುಂಡು ಬದಲಾಯಿಸಲು ಭೂಮಿಯೊಳಗಿನ ಪೈಪುಗಳನ್ನೆಲ್ಲ ಒಂದೊಂದಾಗಿ ಎತ್ತಿ ಬಿಚ್ಚಬೇಕು. ಬಹಳ ಭಾರ, ನಾಲ್ಕಾರು ಜನ ಬೇಕೇ ಬೇಕು. (ಮುಂದೆ ಬಂದ ಮಾರ್ಕ್ 3ರಲ್ಲಿ ಪೈಪು ಎತ್ತದೆ ಅದರೊಳಗಿನ ರಾಡ್ ಮಾತ್ರ ಎಳೆದರೆ ಸಾಕು.)

ನೀರಿನ ಸಮಿತಿಯಲ್ಲಿ ಒಬ್ಬ ಅಜ್ಜಿ ಇದ್ದರು. ಬೆಳಿಗ್ಗೆ ಹಿಡಿಕೆ ಎಷ್ಟು ಸಲ ಒತ್ತಿದ ಮೇಲೆ ನೀರು ಬಂತು ಅಂತ ಎಣಿಸಿ, ಪಂಪು ಯಾವಾಗ ಕೈಕೊಡುತ್ತದೆ ಅಂತ ಹೇಳಿಬಿಡುತ್ತಿದ್ದರು. ಅವರಿಗೆ ನಾನು ಕಲಿಸುವುದೇನೂ ಇರಲಿಲ್ಲ. ವಾಷರ್ ಸಿಗುವ ಅಂಗಡಿ ಹುಡುಕುವುದು, ಮನೆಮನೆಯಿಂದ ಎತ್ತಿದ ದುಡ್ಡಿನ ಲೆಕ್ಕ ಬರೆಯಲು ಊರಿನ ಹುಡುಗಿಯರಿಗೆ ಜೊತೆಯಾಗುವುದು, ನನ್ನ ಕೆಲಸ ಅಷ್ಟು. ಆದರೆ ಅದಿಲ್ಲದೆ ಪಂಪು ತಿಂಗಳುಗಟ್ಟಲೆ ಕೆಟ್ಟು ನಿಲ್ಲುತ್ತದೆ, ಹೆಂಗಸರು ಮತ್ತೆ ಹಳ್ಳದ ನೀರಿಗೆ ನಡೆಯುತ್ತಾರೆ. ಹೊಸ ಬೋರ್‌ವೆಲ್ ಕೊರೆಸಿ ಫೋಟೋ ತೆಗೆಸಿಕೊಂಡು ಹೋಗುವುದಕ್ಕಿಂತ ಈ ಲೆಕ್ಕದ ಪುಸ್ತಕ ದೊಡ್ಡದು ಅಂತ ನಾನು ಗಟ್ಟಿಯಾಗಿ ನಂಬುತ್ತೇನೆ.

ಇನ್ನು ಹೋಗುವ ದಾರಿ. 1961ರಲ್ಲಿ ಶುರುವಾದ ಪೀಸ್ ಕೋರ್ ಅಮೆರಿಕ ಸರ್ಕಾರದ ಸ್ವಯಂಸೇವಕರ ಕಾರ್ಯಕ್ರಮ, ಅದು ಅಲ್ಲಿನ ನಾಗರಿಕರಿಗೆ ಮಾತ್ರ. ವಿಶ್ವಸಂಸ್ಥೆಯ ಸ್ವಯಂಸೇವಕರ ಕಾರ್ಯಕ್ರಮಕ್ಕೆ ನಾವೂ ಅರ್ಜಿ ಹಾಕಬಹುದು. ಸಂಬಳ ಇಲ್ಲ, ಜೀವನ ಭತ್ಯೆ ಕೊಡುತ್ತಾರೆ. ನಿಮ್ಮಿಂದಲೇ ದುಡ್ಡು ಕಟ್ಟಿಸಿಕೊಂಡು ಎರಡು ವಾರಕ್ಕೆ ಕರೆದುಕೊಂಡು ಹೋಗುವವರೂ ಇದ್ದಾರೆ. ಯಾರ ಜೊತೆ ಹೋದರೂ ಮೊದಲೇ ಕೇಳಿ: ಈ ಕೆಲಸ ಬೇಕು ಅಂದವರು ಊರಿನವರಾ? ನಾನು ವಾಪಸ್ ಬಂದ ಮೇಲೆ ಯಾರು ನೋಡಿಕೊಳ್ಳುತ್ತಾರೆ? ಉತ್ತರ ಸಿಗದಿದ್ದರೆ ಬೇರೆ ಸಂಸ್ಥೆ ಹುಡುಕಿ.