ಬೆಲೆ ಇಳಿದಿರುವ ಮ್ಯಾಕ್‌ಬುಕ್ ಏರ್ ಎಂ2 ಈಗ ತಗೊಳ್ಳಬಹುದಾ?

ತಗೊಳ್ಳಬಹುದು, ಆದರೆ ರಿಯಾಯಿತಿ ನೋಡುವ ಮೊದಲು ರ‍್ಯಾಮ್ (ಕೆಲಸದ ವೇಳೆ ಬಳಕೆಯಾಗುವ ಮೆಮೊರಿ) ಎಷ್ಟಿದೆ ನೋಡಿ.

ಆಪಲ್‌ನ ಎಂ2 ಚಿಪ್ ಇರುವ ಈ ಲ್ಯಾಪ್‌ಟಾಪ್ 2022ರಲ್ಲಿ ಭಾರತಕ್ಕೆ ಬಂದಾಗ ಇದರ ಆರಂಭಿಕ ಬೆಲೆ 1,19,900 ರೂಪಾಯಿ. ಆ ದುಡ್ಡಿಗೆ 8 ಜಿಬಿ ರ‍್ಯಾಮ್, 256 ಜಿಬಿ ಸ್ಟೋರೇಜ್. 2024ರ ಅಕ್ಟೋಬರ್‌ನಲ್ಲಿ ಆಪಲ್ ಬೆಲೆ ಏರಿಸದೆ ಆರಂಭಿಕ ಮಾದರಿಗೇ 16 ಜಿಬಿ ಕೊಟ್ಟಿತು. ಹಾಗಾಗಿ ತೀರಾ ಅಗ್ಗವಾಗಿ ಕಂಡರೆ ಅದು 8 ಜಿಬಿಯ ಹಳೇ ಸ್ಟಾಕ್ ಇರಬಹುದು. ಇದರಲ್ಲಿ ರ‍್ಯಾಮ್ ಆಮೇಲೆ ಹೆಚ್ಚಿಸಲು ಆಗುವುದೇ ಇಲ್ಲ. ಒಂದಷ್ಟು ಟ್ಯಾಬ್ ತೆರೆದುಕೊಂಡು ವಿಡಿಯೋ ಕಾಲ್‌ನಲ್ಲಿ ಕೂತರೆ 8 ಜಿಬಿ ಏದುಸಿರು ಬಿಡುತ್ತದೆ. ಐದು ವರ್ಷ ಇಟ್ಟುಕೊಳ್ಳುವವರು ಸುಮ್ನೆ ಅದರ ತಂಟೆಗೆ ಹೋಗಬೇಡಿ.

ಇನ್ನೊಂದು ವಿಷಯ. ಅಂಗಡಿಯವರು ಅಡ್ಡಗೆರೆ ಎಳೆದು ತೋರಿಸುವ ಎಂಆರ್‌ಪಿ ಜೊತೆ ಹೋಲಿಸಬೇಡಿ, ಎಂ2 ನಂತರ ಬಂದ ಎಂ4 ಚಿಪ್‌ನ ಏರ್ ಜೊತೆ ಹೋಲಿಸಿ. 2025ರ ಮಾರ್ಚ್‌ನಲ್ಲಿ ಎಂ4 ಏರ್ 16 ಜಿಬಿ ಸಮೇತ 99,900ಕ್ಕೇ ಬಂತು. ಅದಕ್ಕೆ ಎರಡು ಹೊರಗಿನ ಮಾನಿಟರ್ ಹಾಕಬಹುದು, ಎಂ2ಗೆ ಒಂದೇ. ಎಂ4ಗೂ ರಿಯಾಯಿತಿ ಬರುತ್ತಿರುತ್ತದೆ. ಎರಡರ ನಡುವೆ ಹತ್ತು-ಹದಿನೈದು ಸಾವಿರವಷ್ಟೇ ವ್ಯತ್ಯಾಸ ಅಂದರೆ ನಾನಾದರೆ ಎಂ4 ತಗೊಳ್ಳುತ್ತೇನೆ. ಅದಕ್ಕಿಂತ ಜಾಸ್ತಿ ಉಳಿಯುವುದಾದರೆ 16 ಜಿಬಿಯ ಎಂ2 ಒಳ್ಳೆಯ ವ್ಯಾಪಾರವೇ.

ಹಾಂ, ಲೆಕ್ಕಪತ್ರಕ್ಕೆ ಟ್ಯಾಲಿ ಬಳಸುವವರಾ? ಅದು ವಿಂಡೋಸ್‌ಗೆ ಮಾಡಿದ್ದು. ಅಂಥವರಿಗೆ ಮ್ಯಾಕ್ ಎಷ್ಟೇ ಅಗ್ಗವಾದರೂ ತಲೆನೋವು.