ನರರೋಗ ಶಾಸ್ತ್ರ ಬೇರೆಯಾದ ಬಗೆ

ಪ್ರಶ್ನೆ: ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮನೋರೋಗಕ್ಕೂ ನರರೋಗಕ್ಕೂ ಒಂದೇ ಆವರಣದಲ್ಲಿ ಚಿಕಿತ್ಸೆ ದೊರೆಯುತ್ತದೆ. ಯುರೋಪಿನಲ್ಲಿಯೂ ಇವೆರಡು ಹೀಗೆ ಕೂಡಿಯೇ ಬೆಳೆದವೇ?

ಉತ್ತರ: ಯುರೋಪಿನ ಎಲ್ಲ ದೇಶಗಳಿಗೂ ಸಲ್ಲುವ ಒಂದೇ ಉತ್ತರವಿಲ್ಲ. ಫ್ರಾನ್ಸ್ ಮತ್ತು ಇಂಗ್ಲೆಂಡಿನಲ್ಲಿ ನರರೋಗ ಶಾಸ್ತ್ರಕ್ಕೆ ಬೇಗನೆ ಸ್ವಂತ ನೆಲೆ ಸಿಕ್ಕಿತು. ಜರ್ಮನಿಯಲ್ಲಿ ಅದು ಬಹುಕಾಲ ಮನೋವೈದ್ಯ ಮತ್ತು ಸಾಮಾನ್ಯ ವೈದ್ಯಗಳ ನಡುವೆ ಹಂಚಿಹೋಗಿತ್ತು.

ಪ್ಯಾರಿಸ್ಸಿನ ಸಾಲ್ಪೆಟ್ರಿಯೇರ್ 17ನೇ ಶತಮಾನದಿಂದ ದಿಕ್ಕಿಲ್ಲದ ಬಡ ಹೆಂಗಸರ ಆಶ್ರಯವಾಗಿತ್ತು. 1862ರಲ್ಲಿ ಅಲ್ಲಿಗೆ ವೈದ್ಯರಾಗಿ ಬಂದ ಶಾರ್ಕೊ, ಗುಣವಾಗದವರೆಂದು ಬಿಟ್ಟಿದ್ದ ಆ ರೋಗಿಗಳ ನಡಿಗೆ, ನಡುಕ, ಮಾತುಗಳನ್ನು ವರ್ಷಗಟ್ಟಲೆ ಗಮನಿಸಿ ದಾಖಲಿಸಿದರು. ಆ ರೋಗಿಗಳು ತೀರಿಕೊಂಡ ಮೇಲೆ ಮಿದುಳು, ಬೆನ್ನುಹುರಿಗಳನ್ನು ಪರೀಕ್ಷಿಸಿ, ಬದುಕಿದ್ದಾಗ ಕಂಡ ಲಕ್ಷಣಗಳೊಡನೆ ತಾಳೆ ನೋಡಿದರು. ಕೈ ಸುಮ್ಮನಿದ್ದಾಗ ಕಾಣುವ ಪಾರ್ಕಿನ್ಸನ್ ರೋಗದ ನಡುಕವೂ, ಏನನ್ನಾದರೂ ಹಿಡಿಯಹೋದಾಗ ಹೆಚ್ಚುವ ಮಲ್ಟಿಪಲ್ ಸ್ಕ್ಲೆರೋಸಿಸ್‌ನ (ನರತಂತುಗಳ ಹೊದಿಕೆ ಹಾಳಾಗುವ ರೋಗ) ನಡುಕವೂ ಬೇರೆಬೇರೆ ಎಂಬುದು ಹೀಗೆ ಸ್ಪಷ್ಟವಾಯಿತು. 1882ರಲ್ಲಿ ಶಾರ್ಕೊ ಅವರಿಗಾಗಿ ನರಮಂಡಲ ರೋಗಗಳ ಅಧ್ಯಯನ ಪೀಠವೇ ಸ್ಥಾಪನೆಯಾಯಿತು. ಶಾರ್ಕೊ ಅವರ ಕೀರ್ತಿಯನ್ನು ಹೇಳುವಾಗ ಆ ಹೆಂಗಸರನ್ನು ಮರೆಯುವುದು ಅನ್ಯಾಯವೆಂದು ನನ್ನ ಭಾವನೆ, ಏಕೆಂದರೆ ಈ ಶಾಸ್ತ್ರ ಬೆಳೆದದ್ದು ಅವರ ದೀರ್ಘ ಯಾತನೆಯ ಆಧಾರದ ಮೇಲೆಯೇ.

ಲಂಡನ್ನಿನಲ್ಲಿ ಮೊದಲ ಹೆಜ್ಜೆಯಿಟ್ಟವರು ವೈದ್ಯರಲ್ಲ. ಲಕ್ವ ಹೊಡೆದ ಅಜ್ಜಿಯ ಕಷ್ಟವನ್ನು ಕಣ್ಣಾರೆ ಕಂಡಿದ್ದ ಜೊಹಾನಾ ಚಾಂಡ್ಲರ್ ಮತ್ತು ಒಡಹುಟ್ಟಿದವರು ಹಣ ಕೂಡಿಸಲು ಮುಂದಾದರು. 1860ರಲ್ಲಿ ಕ್ವೀನ್ ಸ್ಕ್ವೇರ್‌ನಲ್ಲಿ ಪಾರ್ಶ್ವವಾಯು ಮತ್ತು ಮೂರ್ಛೆರೋಗಿಗಳಿಗಾಗಿಯೇ ಒಂದು ಪುಟ್ಟ ಆಸ್ಪತ್ರೆ ತೆರೆಯಿತು. ನರರೋಗ ತಜ್ಞರಾಗಿ ಹೆಸರಾದ ಹ್ಯೂಲಿಂಗ್ಸ್ ಜಾಕ್ಸನ್ ಮತ್ತು ಗೋವರ್ಸ್ ಮುಂದೆ ಇಲ್ಲಿಯೇ ಕೆಲಸ ಮಾಡಿದರು.

ಜರ್ಮನಿಯ ಹಾದಿ ಬೇರೆ. ಮನಸ್ಸಿನ ಕಾಯಿಲೆಗಳು ಮಿದುಳಿನ ಕಾಯಿಲೆಗಳೇ ಎಂದು ನಂಬಿದ್ದ ಮನೋವೈದ್ಯ ಗ್ರೀಸಿಂಗರ್, 1860ರ ದಶಕದಲ್ಲಿ ಬರ್ಲಿನ್ನಿನ ಶಾರಿಟೆ ಆಸ್ಪತ್ರೆಯಲ್ಲಿ ಮನೋರೋಗ, ನರರೋಗ ಎರಡೂ ವಿಭಾಗಗಳನ್ನು ಒಂದೇ ಆಡಳಿತಕ್ಕೆ ತಂದರು. ಹೈಡಲ್‌ಬರ್ಗಿನ ಎರ್ಬ್ ಅವರಾದರೋ ಸಾಮಾನ್ಯ ವೈದ್ಯಶಾಸ್ತ್ರದ ಕಡೆಯಿಂದ ಬಂದವರು; ಮೊಣಕಾಲಿನ ಕೆಳಗೆ ಸುತ್ತಿಗೆಯಿಂದ ತಟ್ಟಿದಾಗ ಕಾಲು ಚಿಮ್ಮುವುದನ್ನು 1875ರಲ್ಲಿ ಅವರೂ ಬರ್ಲಿನ್ನಿನ ಮನೋವೈದ್ಯ ವೆಸ್ಟ್‌ಫಾಲ್ ಅವರೂ ಪ್ರತ್ಯೇಕವಾಗಿ ವಿವರಿಸಿದರು. ನರರೋಗ ತಜ್ಞರು 1907ರಲ್ಲಿ ತಮ್ಮದೇ ಸಂಘ ಕಟ್ಟಿಕೊಂಡರೂ, ನಾಜಿ ಆಡಳಿತದಲ್ಲಿ, 1935ರಲ್ಲಿ, ಅದನ್ನು ಮನೋವೈದ್ಯರ ಸಂಘದೊಡನೆ ಬೆಸೆಯಲಾಯಿತು. ಯಹೂದಿ ತಜ್ಞರು ಹುದ್ದೆ ಕಳೆದುಕೊಂಡು ದೇಶ ತೊರೆದರು. ಅವರಲ್ಲೊಬ್ಬರಾದ ಲುಡ್ವಿಗ್ ಗುಟ್‌ಮನ್ 1944ರಲ್ಲಿ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್‌ನಲ್ಲಿ ಬೆನ್ನುಹುರಿಗೆ ಪೆಟ್ಟು ಬಿದ್ದವರ ಚಿಕಿತ್ಸಾ ಕೇಂದ್ರವನ್ನು ಆರಂಭಿಸಿದರು. ಮನೋರೋಗ, ನರರೋಗ ಎರಡೂ ಬಗೆಯ ರೋಗಿಗಳನ್ನು ನೋಡುವ ವೈದ್ಯರು ಜರ್ಮನಿಯಲ್ಲಿ ಯುದ್ಧಾನಂತರವೂ ದಶಕಗಳ ಕಾಲ ಉಳಿದರು.